ಡಿಕ್ರಿಗೆ ಮುಂಚಿನ ತಾಳಿ, ಡಿಕ್ರಿಯ ಮರುದಿನದ ತಾಳಿ

ಎರಡನೇ ಸಂಬಂಧದ ಮಾತುಕತೆಗೆ ಕೂತ ಮನೆಗಳಲ್ಲಿ ‘ಡೈವೋರ್ಸ್ ಆಗಿದೆ ತಾನೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರಗಳು ಮಾತ್ರ ಬಗೆಬಗೆ. ‘ಕೇಸು ಹಾಕಿ ಮೂರು ವರ್ಷ ಆಯ್ತು, ಮುಗಿದ ಹಾಗೇ ಲೆಕ್ಕ.’ ‘ಹಿರಿಯರನ್ನು ಕೂರಿಸಿಕೊಂಡು ಬಾಂಡ್ ಪೇಪರ್ ಮೇಲೆ ಬರೆಸಿಕೊಂಡಿದ್ದಾರೆ, ನೋಟರಿ ಸೀಲೂ ಇದೆ.’ ‘ಏಳು ವರ್ಷ ಬೇರೆ ಇದ್ದರೆ ತಾನಾಗಿಯೇ ಬಿಟ್ಟುಹೋಗುತ್ತದಂತೆ.’ ‘ಹೋದ ವಾರವೇ ಕೋರ್ಟಿನಲ್ಲಿ ಆಗಿದೆ, ಅವರು ಅಪೀಲು ಹೋಗುತ್ತಾರೋ ಏನೋ.’ ಕೇಳಿದವರು ಈ ನಾಲ್ಕನ್ನೂ ‘ಹೆಚ್ಚುಕಡಿಮೆ ಆಗಿದೆ’ ಎಂಬ ಒಂದೇ ಖಾತೆಗೆ ಬರೆದುಕೊಂಡು ಮುಹೂರ್ತ ನೋಡಿಸಲು ಹೊರಡುತ್ತಾರೆ. ಅದೇ ಮನೆಯಲ್ಲಿ ಎಚ್ಚರದ ಸ್ವಭಾವದ ಒಬ್ಬರು ಇದ್ದೇ ಇರುತ್ತಾರೆ. ಅವರ ಪ್ರಕಾರ ಎಲ್ಲ ಅಪೀಲುಗಳೂ ಮುಗಿಯುವ ಮೊದಲು ಆದ ಮದುವೆ ಮದುವೆಯೇ ಅಲ್ಲ, ಆದವರಿಗೆ ಜೈಲು ಖಚಿತ.

ಎರಡು ಕಡೆಯವರ ಮಾತಿನಲ್ಲೂ ಒಂದಿಷ್ಟು ಸತ್ಯವಿದೆ. ಮೊದಲನೆಯವರಿಗೆ ದಾಂಪತ್ಯವೆಂದರೆ ಬದುಕುವ ಸಂಗತಿ. ಇಬ್ಬರೂ ಬೇರೆಯಾಗಿ, ಒಡವೆ ಪಾತ್ರೆ ಹಂಚಿಕೊಂಡು, ಮುಖ ನೋಡುವುದನ್ನೂ ಬಿಟ್ಟ ಮೇಲೆ ಉಳಿದದ್ದು ಕಾಗದವಷ್ಟೇ ಎಂದು ಅವರಿಗೆ ಅನ್ನಿಸುವುದು ಸಹಜ. ಎರಡನೆಯವರಿಗೆ ಮದುವೆಯೆಂದರೆ ಕಾನೂನು ಕೊಟ್ಟ ಸ್ಥಾನಮಾನ. ಅದನ್ನು ಕೊಟ್ಟ ಕಾನೂನೇ ಕಿತ್ತುಕೊಳ್ಳಬೇಕು. ಆದರೆ ಇಬ್ಬರೂ ಎಡವುವುದು ಒಂದೇ ಜಾಗದಲ್ಲಿ. ‘ವಿಚ್ಛೇದನ ಅಂತಿಮವಾಗುವ ಮೊದಲು’ ಎಂಬುದನ್ನು ಅವರು ಒಂದೇ ಅವಧಿ ಎಂದು ಭಾವಿಸುತ್ತಾರೆ. ಕಾನೂನಿನ ಕಣ್ಣಿಗೆ ಅಲ್ಲಿ ಎರಡು ಅವಧಿಗಳಿವೆ. ವಿಚ್ಛೇದನ ಕೊಡುವ ಕೋರ್ಟಿನ ಆದೇಶ, ಅಂದರೆ ಡಿಕ್ರಿ, ಬರುವವರೆಗಿನದು ಒಂದು. ಡಿಕ್ರಿ ಬಂದ ಮೇಲೆ ಅಪೀಲಿನ ದಾರಿ ಮುಚ್ಚುವವರೆಗಿನದು ಇನ್ನೊಂದು. ಮೊದಲನೆಯದರಲ್ಲಿ ಆದ ಮದುವೆ ಶೂನ್ಯ, ಅಪರಾಧವೂ ಹೌದು. ಎರಡನೆಯದರಲ್ಲಿ ಆದದ್ದು ಕಾಯ್ದೆಗೆ ಒಪ್ಪಿಗೆಯಿಲ್ಲದ ಮದುವೆ, ಆದರೆ ಅಷ್ಟಕ್ಕೇ ಶೂನ್ಯವಲ್ಲ.

1955ರ ಹಿಂದೂ ವಿವಾಹ ಕಾಯ್ದೆಯ ಮಟ್ಟಿಗೆ ಮೊದಲ ಅವಧಿಯ ಲೆಕ್ಕ ಸರಳ. ಮದುವೆಯಾಗುವ ಹೊತ್ತಿಗೆ ಇಬ್ಬರಲ್ಲಿ ಯಾರಿಗೂ ಜೀವಂತ ಗಂಡ ಅಥವಾ ಹೆಂಡತಿ ಇರಬಾರದು ಎಂಬುದು 5ನೇ ಸೆಕ್ಷನ್ನಿನ ಮೊದಲ ಷರತ್ತು. ಅದನ್ನು ಮುರಿದ ಮದುವೆ 11ನೇ ಸೆಕ್ಷನ್ನಿನ ಪ್ರಕಾರ ಶೂನ್ಯ. 17ನೇ ಸೆಕ್ಷನ್ ಅದನ್ನು ದ್ವಿಪತ್ನಿತ್ವ, ದ್ವಿಪತಿತ್ವದ ಅಪರಾಧವನ್ನಾಗಿಸುತ್ತದೆ. ಹಿಂದೆ ದಂಡಸಂಹಿತೆಯ 494ನೇ ಸೆಕ್ಷನ್ನಿನಲ್ಲಿದ್ದ ಈ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ನಿಗೆ ಬಂದಿದೆ. ಶಿಕ್ಷೆ ಏಳು ವರ್ಷದವರೆಗೆ. ಮೊದಲ ಮದುವೆಯನ್ನು ಮುಚ್ಚಿಟ್ಟಿದ್ದರೆ ಹತ್ತು ವರ್ಷದವರೆಗೆ. ಇಲ್ಲಿ ಗಮನಿಸಬೇಕಾದದ್ದು ‘ಮದುವೆಯಾಗುವ ಹೊತ್ತಿಗೆ’ ಎಂಬ ಅಳತೆ. ಕೇಸು ಎಷ್ಟು ವರ್ಷದಿಂದ ನಡೆಯುತ್ತಿದೆ, ಗೆಲ್ಲುವುದು ಎಷ್ಟು ಖಚಿತ ಎಂಬ ಪ್ರಶ್ನೆ ಏಳುವುದೇ ಇಲ್ಲ. ತಾಳಿ ಕಟ್ಟಿದ ಮರುದಿನವೇ ಡಿಕ್ರಿ ಸಿಕ್ಕರೂ ಹಿಂದಿನ ದಿನದ ಮದುವೆ ಜೀವ ಪಡೆಯುವುದಿಲ್ಲ. ಮದುವೆ ಬೇಕಿದ್ದರೆ ಹೊಸದಾಗಿಯೇ ಆಗಬೇಕು.

ಕೇಸು ನಡೆಯುತ್ತಿರುವಾಗ ಆದ ಮದುವೆಯನ್ನು ಕೋರ್ಟು ಹೇಗೆ ಕಾಣುತ್ತದೆ ಎಂಬುದಕ್ಕೆ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ, ತಮಿಳುನಾಡಿನ ಒಂದು ಪ್ರಕರಣ ಉದಾಹರಣೆ. ವಿಚ್ಛೇದನದ ವಿಚಾರಣೆ ಬಾಕಿ ಇರುವಾಗಲೇ ಹೆಂಡತಿ ಇನ್ನೊಬ್ಬನನ್ನು ಮದುವೆಯಾಗಿದ್ದಳು, ಆ ದಾಂಪತ್ಯದಲ್ಲಿ ಮಗುವೂ ಇತ್ತು. ಮದ್ರಾಸ್ ಹೈಕೋರ್ಟ್ ಇಬ್ಬರಿಗೂ ಕೋರ್ಟು ಏಳುವವರೆಗಿನ ಸಾಂಕೇತಿಕ ಸೆರೆ ವಿಧಿಸಿತ್ತು. ಅಪರಾಧದ ಗಾತ್ರಕ್ಕೆ ಇದು ತೀರಾ ಕಡಿಮೆಯಾಯಿತೆಂದು ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಆರು ತಿಂಗಳಿಗೆ ಏರಿಸಿತು. ಮಗು ಇನ್ನೂ ಚಿಕ್ಕದಾದ್ದರಿಂದ ಮೊದಲು ಆ ಗಂಡಸು ಜೈಲಿಗೆ ಹೋಗಿ ಬರಬೇಕು, ಅವನು ಹೊರಬಂದ ಮೇಲೆ ಆಕೆ ಶರಣಾಗಬೇಕು ಎಂದು ಸರದಿಯನ್ನೂ ಗೊತ್ತುಮಾಡಿತು. ಮಗುವಿನ ಮೇಲೆ ಕರುಣೆ ಇತ್ತು, ಮದುವೆಗೆ ಮಾತ್ರ ಮನ್ನಣೆ ಇರಲಿಲ್ಲ.

ಹಾಗಾದರೆ ಡಿಕ್ರಿ ಇಲ್ಲದೆಯೂ ಮದುವೆ ಮುರಿಯುತ್ತದೆ ಎಂಬ ನಂಬಿಕೆಗಳು ಎಲ್ಲಿಂದ ಬಂದವು? ಒಂದೊಂದರ ಹಿಂದೆಯೂ ಅರ್ಧ ಕೇಳಿಸಿಕೊಂಡ ಕಾನೂನಿದೆ.

1. ಏಳು ವರ್ಷದ ಮಾತು. ಗಂಡ ಅಥವಾ ಹೆಂಡತಿ ಬದುಕಿರುವ ಸುದ್ದಿಯೇ ಏಳು ವರ್ಷ ಕೇಳಿಬರದಿದ್ದರೆ ಅದು ವಿಚ್ಛೇದನ ಕೇಳಲು ಒಂದು ಕಾರಣ. ದ್ವಿವಿವಾಹದ ಅಪರಾಧಕ್ಕೂ ಅದು ವಿನಾಯಿತಿ, ಆದರೆ ಹೊಸ ಸಂಗಾತಿಗೆ ವಿಷಯವನ್ನು ಮುಂಚೆಯೇ ತಿಳಿಸಿರಬೇಕು. ಇದು ಕಾಣೆಯಾದವರ ಮಾತು. ದಾವಣಗೆರೆಯಲ್ಲಿ ತವರುಮನೆಯಲ್ಲಿದ್ದು, ತಿಂಗಳಿಗೊಮ್ಮೆ ಜೀವನಾಂಶದ ಕೇಸಿಗೆ ಬಂದು ಹೋಗುವ ಹೆಂಡತಿ ಕಾಣೆಯಾದವಳಲ್ಲ. ಏಳಲ್ಲ, ಇಪ್ಪತ್ತು ವರ್ಷ ಬೇರೆ ಇದ್ದರೂ ಮದುವೆ ತಾನಾಗಿ ಮುರಿಯುವುದಿಲ್ಲ.

2. ನ್ಯಾಯಿಕ ಪ್ರತ್ಯೇಕತೆ. 10ನೇ ಸೆಕ್ಷನ್ನಿನ ಈ ಆದೇಶ ಒಟ್ಟಿಗೆ ಬಾಳುವ ಹೊಣೆಯಿಂದ ಬಿಡುಗಡೆ ಮಾಡುತ್ತದೆ, ಮದುವೆಯಿಂದ ಅಲ್ಲ. ಕೈಯಲ್ಲಿ ಕೋರ್ಟಿನ ಆದೇಶ ಇರುವುದರಿಂದ ಇದನ್ನೇ ವಿಚ್ಛೇದನವೆಂದು ತಿಳಿಯುವವರಿದ್ದಾರೆ. ಮರುಮದುವೆಯ ಹಕ್ಕು ಅದರಲ್ಲಿಲ್ಲ.

3. ಬಾಂಡ್ ಪೇಪರ್. ಛಾಪಾಕಾಗದದ ಮೇಲೆ ಇಬ್ಬರೂ ಸಹಿ ಹಾಕಿ, ನೋಟರಿ ಮೊಹರು ಒತ್ತಿದರೂ ಅದು ಇಬ್ಬರ ನಡುವಿನ ಒಪ್ಪಂದ ಮಾತ್ರ. ಹಿಂದೂ ಮದುವೆಯನ್ನು ಒಪ್ಪಂದದಿಂದ ಬರ್ಖಾಸ್ತು ಮಾಡುವ ಅಧಿಕಾರವನ್ನು ಕಾಯ್ದೆ ದಂಪತಿಗಳಿಗೆ ಕೊಟ್ಟಿಲ್ಲ. ನೋಟರಿ ದೃಢೀಕರಿಸುವುದು ಸಹಿಯನ್ನು, ವಿಚ್ಛೇದನವನ್ನಲ್ಲ.

4. ಮತಾಂತರ. ಇಸ್ಲಾಮಿಗೆ ಸೇರಿ ಎರಡನೇ ಮದುವೆಯಾದರೆ ಮೊದಲಿನದು ಅಡ್ಡಬರುವುದಿಲ್ಲ ಎಂಬ ದಾರಿಯನ್ನು 1995ರ ಸರಳಾ ಮುದ್ಗಲ್ ತೀರ್ಪು ಮುಚ್ಚಿತು. ಹಿಂದೂ ಕ್ರಮದಲ್ಲಿ ಕಟ್ಟಿದ ಮದುವೆ ಒಬ್ಬರ ಮತ ಬದಲಾದ ಮಾತ್ರಕ್ಕೆ ಕಳಚುವುದಿಲ್ಲ.

ಮೂರನೆಯ ಅಂಶಕ್ಕೆ ಒಂದು ಗಟ್ಟಿಯಾದ ಆಕ್ಷೇಪಣೆ ಇದೆ. ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಕೋರ್ಟು ಬರುವ ಮುಂಚಿನಿಂದಲೂ ಬಿಡುಗಡೆಯ ಪದ್ಧತಿ ಇತ್ತು. ಉತ್ತರ ಕರ್ನಾಟಕದಲ್ಲಿ ದೈವದ, ಅಂದರೆ ಸಮುದಾಯದ ಹಿರಿಯರ, ಮುಂದೆ ಸೋಡಚೀಟಿ (ಬಿಡುಗಡೆಯ ಪತ್ರ) ಬರೆದುಕೊಟ್ಟ ಮೇಲೆ ಹೆಣ್ಣು ಉಡಿಕೆಯಾಗಬಹುದಿತ್ತು, ಅಂದರೆ ಮರುಮದುವೆಯಾಗಬಹುದಿತ್ತು. ಅದನ್ನು ಸಮಾಜ ಮದುವೆಯೆಂದೇ ಒಪ್ಪಿತ್ತು. ಮೇಲ್ಜಾತಿಯ ಸಂಪ್ರದಾಯದಲ್ಲಿ ವಿಚ್ಛೇದನವೆಂಬುದೇ ಇರದಿದ್ದ ಕಾಲದಲ್ಲಿ ಇಲ್ಲಿನ ಹೆಣ್ಣುಮಕ್ಕಳಿಗೆ ಅದು ಇತ್ತು. ಅದನ್ನು ಸಂಸತ್ತು ಅಳಿಸಿಲ್ಲ. ಕಾಯ್ದೆಯ 29ನೇ ಸೆಕ್ಷನ್ ರೂಢಿಯ ವಿಚ್ಛೇದನದ ಹಕ್ಕನ್ನು ಹೆಸರಿಟ್ಟು ಉಳಿಸಿದೆ. ಹಾಗಿದ್ದ ಮೇಲೆ ಬಾಂಡ್ ಪೇಪರ್ ಯಾಕೆ ನಡೆಯಬಾರದು? ಉತ್ತರ ಇಷ್ಟು: ಕಾಯ್ದೆ ಉಳಿಸಿದ್ದು ರೂಢಿಯನ್ನು, ಕಾಗದವನ್ನಲ್ಲ. ಸಾಮಾನ್ಯ ಕಾನೂನಿಗೆ ಇದು ಅಪವಾದವಾದ್ದರಿಂದ, ಆ ಸಮುದಾಯದಲ್ಲಿ ಅಂಥ ಪದ್ಧತಿ ಇದೆಯೆಂದು ಹೇಳಿಕೊಳ್ಳುವವರೇ ಅದನ್ನು ಸಾಬೀತುಪಡಿಸಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಸ್ಪಷ್ಟಪಡಿಸಿತು. ಅಂಥ ರೂಢಿಯೇ ಇಲ್ಲದ ಜಾತಿಯವರು ಬೆಂಗಳೂರಿನ ಟೈಪಿಂಗ್ ಅಂಗಡಿಯಲ್ಲಿ ಬರೆಸಿದ ವಿಚ್ಛೇದನ ಪತ್ರಕ್ಕೆ ಸೋಡಚೀಟಿಯ ಬಲ ಬರುವುದಿಲ್ಲ. ರೂಢಿ ಇರುವವರಿಗೂ ಅದನ್ನು ಸಾಕ್ಷಿಗಳಿಂದ ತೋರಿಸುವ ಪ್ರಸಂಗ ಬರುವುದು ಗಂಡ ಸತ್ತು ಪಿಂಚಣಿಗೋ ಜಮೀನಿಗೋ ತಕರಾರು ಎದ್ದಾಗ. ಅಷ್ಟರಲ್ಲಿ ಅಂದು ಕೂತಿದ್ದ ಹಿರಿಯರೇ ಇರುವುದಿಲ್ಲ.

ಈಗ ಎರಡನೇ ಅವಧಿ. ಎಚ್ಚರದವರು ತಪ್ಪುವುದು ಇಲ್ಲಿ. 15ನೇ ಸೆಕ್ಷನ್ ಹೇಳುವುದನ್ನು ಸಂಗ್ರಹಿಸಿದರೆ: ಡಿಕ್ರಿಯಿಂದ ಮದುವೆ ಮುರಿದು, ಅದರ ವಿರುದ್ಧ ಅಪೀಲಿನ ಹಕ್ಕೇ ಇಲ್ಲದಿದ್ದರೆ, ಇದ್ದೂ ಅವಧಿಯೊಳಗೆ ಹಾಕದಿದ್ದರೆ, ಹಾಕಿದ್ದು ವಜಾ ಆಗಿದ್ದರೆ, ಇಬ್ಬರಲ್ಲಿ ಯಾರು ಬೇಕಾದರೂ ಮತ್ತೆ ಮದುವೆಯಾಗುವುದು ಕಾನೂನುಬದ್ಧ. ಇದನ್ನು ತಿರುಗಿಸಿ ಓದಿದರೆ, ಅದಕ್ಕೆ ಮೊದಲು ಮದುವೆಯಾಗುವುದು ಕಾನೂನುಬದ್ಧವಲ್ಲ. ಕಾನೂನುಬದ್ಧವಲ್ಲ ಎಂದರೆ ಶೂನ್ಯವೇ? ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1978ರಲ್ಲಿ ಉತ್ತರ ಕೊಟ್ಟಿತು. ಆ ವ್ಯಾಜ್ಯ ಹುಟ್ಟಿದ ಕಾಲಕ್ಕೆ ಕಾಯ್ದೆಯಲ್ಲಿ ಇನ್ನೂ ಕಠಿಣವಾದ ಮಾತಿತ್ತು: ಡಿಕ್ರಿಯಾಗಿ ಒಂದು ವರ್ಷ ಕಳೆಯುವವರೆಗೆ ಮರುಮದುವೆ ಕೂಡದು. (1976ರಲ್ಲಿ ಅದನ್ನು ತೆಗೆದುಹಾಕಲಾಯಿತು.) ವರ್ಷ ತುಂಬುವ ಮೊದಲೇ ಮದುವೆಯಾಗಿದ್ದ ಗಂಡಸು ಸತ್ತಿದ್ದ, ಎರಡನೇ ಹೆಂಡತಿ ಅವನ ವಿಧವೆಯೇ, ಅಲ್ಲವೇ ಎಂಬುದರ ಮೇಲೆ ಆಸ್ತಿ ನಿಂತಿತ್ತು. ಆಕೆ ವಿಧವೆಯೇ ಹೌದು ಎಂದಿತು ಕೋರ್ಟು.

ಆ ತೀರ್ಪಿನ ತರ್ಕ ಇಂದಿಗೂ ಈ ವಿಷಯದ ತಳಪಾಯ. ಯಾವ ಮದುವೆ ಶೂನ್ಯ ಎಂಬುದನ್ನು ಕಾಯ್ದೆಯೇ 11ನೇ ಸೆಕ್ಷನ್ನಿನಲ್ಲಿ ಪಟ್ಟಿ ಮಾಡಿದೆ. 15ನೇ ಸೆಕ್ಷನ್ನಿನ ಉಲ್ಲಂಘನೆ ಆ ಪಟ್ಟಿಯಲ್ಲಿಲ್ಲ. ಬೇರೆ ಷರತ್ತುಗಳನ್ನು ಮುರಿದವರಿಗೆ 18ನೇ ಸೆಕ್ಷನ್ ಶಿಕ್ಷೆ ಹೇಳುತ್ತದೆ. 15ಕ್ಕೆ ಅದೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಡಿಕ್ರಿ ಆದ ಕ್ಷಣಕ್ಕೆ ಮೊದಲ ಮದುವೆ ಕೊನೆಯಾಗುತ್ತದೆ. ಆಮೇಲಿನ ಕಾಯುವಿಕೆ ತಾತ್ಕಾಲಿಕ ನಿರ್ಬಂಧವೇ ಹೊರತು ಹಳೆಯ ದಾಂಪತ್ಯದ ಮುಂದುವರಿಕೆಯಲ್ಲ. ‘ಜೀವಂತ ಗಂಡ ಅಥವಾ ಹೆಂಡತಿ’ ಆಗ ಇರುವುದಿಲ್ಲ, ಇರುವುದು ಮಾಜಿ. ಅಂದರೆ 5ನೇ ಸೆಕ್ಷನ್ನಿನ ಷರತ್ತು ಮುರಿಯುವುದಿಲ್ಲ, ಅದರ ಮೇಲೆ ನಿಂತ ದ್ವಿವಿವಾಹದ ಅಪರಾಧಕ್ಕೂ ಆಧಾರ ಉಳಿಯುವುದಿಲ್ಲ.

2018ರ ಆಗಸ್ಟಿನಲ್ಲಿ ನ್ಯಾಯಮೂರ್ತಿಗಳಾದ ಎಸ್.ಎ. ಬೊಬ್ಡೆ ಮತ್ತು ಎಲ್. ನಾಗೇಶ್ವರ ರಾವ್ ಅವರ ಪೀಠ ಇದೇ ದಾರಿಯಲ್ಲಿ ಮುಂದೆ ಹೋಯಿತು. ಅಲ್ಲಿ ಡಿಕ್ರಿಯ ವಿರುದ್ಧ ಗಂಡನೇ ಅಪೀಲು ಹಾಕಿದ್ದ. ನಂತರ ಇಬ್ಬರಿಗೂ ರಾಜಿಯಾಗಿ, ಅಪೀಲು ಹಿಂತೆಗೆದುಕೊಳ್ಳುವ ಅರ್ಜಿ ಸಲ್ಲಿಸಿದ. ಆ ಅರ್ಜಿಯ ಮೇಲೆ ಆದೇಶ ಬರುವುದಕ್ಕೆ ಎರಡು ವಾರ ಮೊದಲು ಬೇರೆ ಮದುವೆಯಾದ. ಹೊಸ ದಾಂಪತ್ಯದಲ್ಲೂ ಬಿರುಕು ಬಂದಾಗ ಎರಡನೇ ಹೆಂಡತಿ ಆ ಎರಡು ವಾರವನ್ನೇ ಹಿಡಿದು ಮದುವೆ ಶೂನ್ಯವೆಂದು ವಾದಿಸಿದಳು. ದೆಹಲಿ ಹೈಕೋರ್ಟ್ ಒಪ್ಪಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ಅಪೀಲನ್ನು ಕೈಬಿಡುವ ಇಚ್ಛೆ ಅರ್ಜಿಯಲ್ಲೇ ಸ್ಪಷ್ಟವಾಗಿದ್ದಾಗ, 15ನೇ ಸೆಕ್ಷನ್ ಕಾಯಬೇಕಾದ ಹಿತವೇ ಅಲ್ಲಿ ಉಳಿದಿರಲಿಲ್ಲ.

ಇದನ್ನು ಓದಿ ‘ಹಾಗಾದರೆ ಡಿಕ್ರಿ ಬಂದ ಸಂಜೆಯೇ ಮದುವೆಯಾಗಬಹುದು’ ಎಂದು ತೀರ್ಮಾನಿಸಿದರೆ ಅದು ಇನ್ನೊಂದು ತಪ್ಪು. ಶೂನ್ಯವಲ್ಲ ಎಂದರೆ ಅಪಾಯವಿಲ್ಲ ಎಂದಲ್ಲ. ಅಪೀಲಿನಲ್ಲಿ ಡಿಕ್ರಿಯೇ ರದ್ದಾದರೆ ಮೊದಲ ಮದುವೆ ಮುರಿದೇ ಇಲ್ಲವೆಂದಾಗುತ್ತದೆ, ಎರಡನೆಯದರ ಕಾಲಡಿಯ ನೆಲ ಕುಸಿಯುತ್ತದೆ. 1966ರ ಒಂದು ಪ್ರಕರಣದಲ್ಲಿ ಹೈಕೋರ್ಟಿನಲ್ಲಿ ಗೆದ್ದ ಗಂಡ ಬೇಗನೆ ಮದುವೆಯಾಗಿ, ಮಗುವೂ ಆಗಿದೆ, ಆದ್ದರಿಂದ ಹೆಂಡತಿಯ ವಿಶೇಷ ಮೇಲ್ಮನವಿಯನ್ನು ಕೇಳಬಾರದು ಎಂದು ವಾದಿಸಿದ. ಗೆದ್ದವನು ಅವಸರ ಮಾಡಿ ಸೋತವಳ ಅವಕಾಶವನ್ನು ಕಸಿಯುವಂತಿಲ್ಲ, ಅಪೀಲು ಬಂದಿದೆಯೇ ಎಂದು ವಿಚಾರಿಸಿಕೊಳ್ಳುವುದು ಅವನದೇ ಹೊಣೆ ಎಂದು ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಏಕಪಕ್ಷೀಯ ಡಿಕ್ರಿಯಲ್ಲಿ ಅಪಾಯ ಇನ್ನೂ ಹೆಚ್ಚು. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಅದನ್ನು ರದ್ದುಪಡಿಸುವಂತೆ ಕೋರುವ ಮೂವತ್ತು ದಿನದ ಗಡುವು ಶುರುವಾಗುವುದು ಎದುರು ಪಕ್ಷಕ್ಕೆ ಡಿಕ್ರಿಯ ವಿಷಯ ಗೊತ್ತಾದ ದಿನದಿಂದ. ಹಳೆಯ ವಿಳಾಸಕ್ಕೆ ನೋಟಿಸು ಕಳಿಸಿ ಗೆದ್ದವನ ಡಿಕ್ರಿ ಎರಡು ವರ್ಷದ ಮೇಲೂ ಅಲುಗಾಡಬಹುದು. ಇನ್ನೊಂದು ತುದಿಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನವಿದೆ. ಒಪ್ಪಿಗೆಯಿಂದಾದ ಡಿಕ್ರಿಗೆ ಅಪೀಲಿಲ್ಲ ಎಂದು ಕುಟುಂಬ ನ್ಯಾಯಾಲಯ ಕಾಯ್ದೆ ಹೇಳುವುದರಿಂದ, ಅಂಥವರಿಗೆ ಕಾಯುವ ಪ್ರಶ್ನೆಯೇ ಇಲ್ಲ.

ಕಾಯಬೇಕಾದವರು ಎಷ್ಟು ದಿನ ಕಾಯಬೇಕು? ಇದೂ ಗೊಂದಲದ ಮೂಲ. ವಿವಾಹ ಕಾಯ್ದೆಯಲ್ಲಿ ಮೊದಲು ಮೂವತ್ತು ದಿನ ಇತ್ತು. ಇಷ್ಟು ದೊಡ್ಡ ದೇಶದಲ್ಲಿ ಅದು ಸಾಲದೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ ಮೇಲೆ, 2003ರಲ್ಲಿ ಸಂಸತ್ತು ಅದನ್ನು ತೊಂಬತ್ತಕ್ಕೆ ಏರಿಸಿತು. ಆದರೆ 1984ರ ಕುಟುಂಬ ನ್ಯಾಯಾಲಯ ಕಾಯ್ದೆಯಲ್ಲಿ ಮೂವತ್ತು ದಿನ ಹಾಗೆಯೇ ಉಳಿಯಿತು. ಒಂದೇ ಡಿಕ್ರಿಗೆ ಎರಡು ಗಡುವು. ಬಾಂಬೆ ಹೈಕೋರ್ಟಿನ ಪೂರ್ಣ ಪೀಠ 2016ರಲ್ಲಿ ತೊಂಬತ್ತೇ ಸರಿ ಎಂದಿತು. ಎರಡು ಕಾಯ್ದೆಗಳ ಅಂಕಿ ಒಂದಾಗುವವರೆಗೆ ಮೂವತ್ತೊಂದನೇ ದಿನಕ್ಕೆ ಕಲ್ಯಾಣ ಮಂಟಪ ಕಾದಿರಿಸುವುದು ಜಾಣತನವಲ್ಲ.

‘ಶೂನ್ಯ’ ಎಂಬ ಮಾತಿಗೂ ಜನ ಬೇಕಾದ್ದಕ್ಕಿಂತ ಹೆಚ್ಚು ಅರ್ಥ ಹಚ್ಚುತ್ತಾರೆ. ಮೊದಲ ಅವಧಿಯಲ್ಲಿ ಆದ ಮದುವೆ ಶೂನ್ಯವಾದರೂ ಅದರಿಂದ ಹುಟ್ಟಿದ ಮಕ್ಕಳು 16ನೇ ಸೆಕ್ಷನ್ನಿನ ಪ್ರಕಾರ ಸಕ್ರಮ. ಅವರ ಪಾಲು ಎಷ್ಟೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕರ್ನಾಟಕದಿಂದ ಹೋದ ಒಂದು ಕುಟುಂಬ ವ್ಯಾಜ್ಯದಲ್ಲಿ. ಅಂಥ ಮಕ್ಕಳು ಅವಿಭಕ್ತ ಕುಟುಂಬದ ಹುಟ್ಟುಹಕ್ಕುದಾರರಲ್ಲ; ಆದರೆ ತಂದೆ ಸಾಯುವ ಮುನ್ನ ವಿಭಾಗವಾಗಿದ್ದರೆ ಅವನಿಗೆ ಪಿತ್ರಾರ್ಜಿತದಲ್ಲಿ ಏನು ಬರುತ್ತಿತ್ತೋ ಅದರಲ್ಲಿ ಅವರಿಗೂ ಪಾಲುಂಟು ಎಂದು 2023ರ ಸೆಪ್ಟೆಂಬರ್ 1ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಪೀಠ ತೀರ್ಮಾನಿಸಿತು. ಜೀವನಾಂಶದ ವಿಷಯದಲ್ಲೂ ಕಾನೂನು ಬಹಳ ದೂರ ನಡೆದಿದೆ. 1988ರಲ್ಲಿ ಶೂನ್ಯ ವಿವಾಹದ ಹೆಂಡತಿಗೆ ಜೀವನಾಂಶವಿಲ್ಲ ಎಂದಿದ್ದ ಸುಪ್ರೀಂ ಕೋರ್ಟ್, ಮೊದಲ ಮದುವೆಯನ್ನು ಮುಚ್ಚಿಟ್ಟ ಗಂಡ ಅದನ್ನೇ ಗುರಾಣಿ ಮಾಡಿಕೊಳ್ಳುವಂತಿಲ್ಲ ಎಂದು 2013ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೂ ಒಂದು ಹೆಜ್ಜೆ ಇಟ್ಟಿತು. ಹೈದರಾಬಾದಿನ ಒಬ್ಬ ಮಹಿಳೆ ಮೊದಲ ಗಂಡನಿಂದ ಒಪ್ಪಂದ ಪತ್ರದ ಮೂಲಕ ಮಾತ್ರ ಬೇರೆಯಾಗಿದ್ದಳು, ಡಿಕ್ರಿ ಇರಲಿಲ್ಲ. ಎರಡನೆಯವನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಒಮ್ಮೆಯಲ್ಲ, ಎರಡು ಸಲ ಆಕೆಯನ್ನು ಮದುವೆಯಾಗಿದ್ದ. ಅವನು ಆಕೆಗೆ ಜೀವನಾಂಶ ಕೊಡಬೇಕೆಂದು ಬಿ.ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮ ಅವರ ಪೀಠ ಆದೇಶಿಸಿತು. ಮರುತಿಂಗಳೇ ಮೂವರು ನ್ಯಾಯಮೂರ್ತಿಗಳ ಪೀಠ, ಮದುವೆ ಶೂನ್ಯವೆಂದು ಘೋಷಣೆಯಾದರೂ ವಿವಾಹ ಕಾಯ್ದೆಯಡಿ ಶಾಶ್ವತ ಜೀವನಾಂಶ ಕೇಳಬಹುದು ಎಂದಿತು.

ಇದು ದ್ವಿವಿವಾಹಕ್ಕೆ ಹಿಂಬಾಗಿಲ ಮನ್ನಣೆಯಲ್ಲವೇ ಎಂದು ಕೇಳಬಹುದು. ಅಲ್ಲ. ಮದುವೆಯ ಸಿಂಧುತ್ವ ಒಂದು ಪ್ರಶ್ನೆ. ಅಸಿಂಧು ಮದುವೆಯ ಹೊರೆ ಯಾರ ಹೆಗಲಿಗೆ ಎಂಬುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ‘ಇಲ್ಲ’ ಎಂದಾದರೆ ಎರಡನೆಯದಕ್ಕೂ ಆಕೆಯನ್ನೇ ಹೊಣೆ ಮಾಡಬೇಕಿಲ್ಲ. ಹಾಗೆ ಮಾಡಿದ ಕಾಲದಲ್ಲಿ ಲಾಭವಾದದ್ದು ಅಸಿಂಧು ಮದುವೆಯನ್ನು ಕಟ್ಟಿಕೊಂಡ ಗಂಡಸಿಗೆ. ಕ್ರಿಮಿನಲ್ ಕಾನೂನಿನಲ್ಲಂತೂ ಅವನಿಗೆ ಇಂದಿಗೂ ಒಂದು ಸಂದಿ ಇದೆ. ದ್ವಿವಿವಾಹ ಸಾಬೀತಾಗಲು ಎರಡನೇ ಮದುವೆ ಶಾಸ್ತ್ರೋಕ್ತವಾಗಿ, ಬೇಕಾದ ವಿಧಿಗಳೊಂದಿಗೆ ನಡೆದಿತ್ತೆಂದು ತೋರಿಸಬೇಕೆಂದು 1965ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ, ಗುಡಿಯಲ್ಲಿ ಹಾರ ಬದಲಾಯಿಸಿಕೊಂಡು ಫೋಟೊ ತೆಗೆಸಿಕೊಂಡವನು ‘ಸಪ್ತಪದಿ ಆಗಿಯೇ ಇಲ್ಲ’ ಎಂದು ಬಿಡಿಸಿಕೊಳ್ಳಬಹುದು. ಅವನು ಜೈಲಿನಿಂದ ಪಾರಾಗುತ್ತಾನೆ, ಆಕೆ ಹೆಂಡತಿ ಎಂಬ ಸ್ಥಾನವನ್ನೇ ಕಳೆದುಕೊಳ್ಳುತ್ತಾಳೆ.

ಇನ್ನು ಎಲ್ಲಕ್ಕಿಂತ ಮಾನವೀಯವಾದ ಆಕ್ಷೇಪಣೆ: ಕೋರ್ಟುಗಳು ಹತ್ತು ವರ್ಷ ಎಳೆದರೆ ಜನ ಬದುಕುವುದು ಬೇಡವೇ? ಈ ದೂರು ನ್ಯಾಯವಾದದ್ದು. ಮೂವತ್ತೆರಡಕ್ಕೆ ಕೇಸು ಹಾಕಿದವಳು ನಲವತ್ತಕ್ಕೆ ಡಿಕ್ರಿ ಪಡೆದರೆ ಕಳೆದುಹೋದದ್ದನ್ನು ಯಾವ ಕಾನೂನೂ ಮರಳಿಸುವುದಿಲ್ಲ. ಆದರೆ ಅದಕ್ಕೆ ಪರಿಹಾರ ಡಿಕ್ರಿಯನ್ನು ಊಹಿಸಿಕೊಳ್ಳುವುದಲ್ಲ, ಡಿಕ್ರಿಯನ್ನು ಬೇಗ ಕೊಡುವುದು. ಆ ದಾರಿ ಸ್ವಲ್ಪ ತೆರೆದಿದೆ. ಪರಸ್ಪರ ಒಪ್ಪಿಗೆಯ ಅರ್ಜಿಯಲ್ಲಿ ಆರು ತಿಂಗಳು ಕಾಯಿಸುವ ನಿಯಮವನ್ನು ಸೂಕ್ತ ಪ್ರಕರಣಗಳಲ್ಲಿ ಸಡಿಲಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಸರಿಪಡಿಸಲಾಗದಷ್ಟು ಮುರಿದ ದಾಂಪತ್ಯವನ್ನು ಸಂವಿಧಾನದ 142ನೇ ವಿಧಿಯ ಅಧಿಕಾರದಿಂದ ತಾನೇ ವಿಸರ್ಜಿಸಬಹುದೆಂದು 2023ರ ಮೇ 1ರಂದು ಅದರ ಸಂವಿಧಾನ ಪೀಠ ತೀರ್ಮಾನಿಸಿತು. ಈ ಅಧಿಕಾರ ಕುಟುಂಬ ನ್ಯಾಯಾಲಯಗಳಿಗೆ ಇಲ್ಲ; ಹಾವೇರಿಯವರೋ ರಾಯಚೂರಿನವರೋ ಅದಕ್ಕಾಗಿ ದೆಹಲಿಗೆ ಹೋಗಬೇಕು. ತಕರಾರು ತೆಗೆಯಬೇಕಾದ ಜಾಗ ಅದು.

ಇನ್ನೊಂದು ಸುಧಾರಣೆಗೆ ಖರ್ಚೂ ಹೆಚ್ಚಿಲ್ಲ. ಇಂಗ್ಲೆಂಡಿನಲ್ಲಿ 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಪದ್ಧತಿಯಂತೆ ಮೊದಲು ಷರತ್ತಿನ ಆದೇಶ, ಕನಿಷ್ಠ ಆರು ವಾರಗಳ ನಂತರ ಅಂತಿಮ ಆದೇಶ ಬರುತ್ತದೆ. ಎರಡನೇ ಕಾಗದ ಕೈಯಲ್ಲಿಲ್ಲದವರು ಇನ್ನೂ ವಿವಾಹಿತರೇ. ಲಂಡನ್ನಿನಲ್ಲಿರುವ ಕನ್ನಡಿಗರಿಗೂ ಅಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಭಾರತದಲ್ಲಿ ಡಿಕ್ರಿಯ ಪ್ರತಿ ಒಂದೇ. ಅಪೀಲು ಬಂದಿದೆಯೇ, ತಡೆಯಾಜ್ಞೆ ಇದೆಯೇ, ಗಡುವು ಮುಗಿದಿದೆಯೇ ಎಂಬುದು ಅದರ ಮೇಲೆ ಕಾಣುವುದಿಲ್ಲ. ಹೆಣ್ಣು ಕೊಡುವವರು, ಗಂಡು ಕೊಡುವವರು ಅದನ್ನು ಕೋರ್ಟಿನ ಜಾಲತಾಣದಲ್ಲಿ ಪ್ರಕರಣದ ಸಂಖ್ಯೆ ಹಾಕಿ ಹುಡುಕಬೇಕು, ಅಥವಾ ವಕೀಲರನ್ನು ಕೇಳಬೇಕು. ಅವಧಿಯೊಳಗೆ ಅಪೀಲು ದಾಖಲಾಗಿಲ್ಲ ಎಂಬ ದೃಢೀಕರಣವನ್ನು ಗಡುವು ಮುಗಿದ ಮೇಲೆ ಕೋರ್ಟಿನ ಕಚೇರಿಯೇ ಡಿಕ್ರಿಯ ಬೆನ್ನಿಗೆ ಬರೆದು ಕೊಡುವಂತಾದರೆ, ಮೂವತ್ತು ಮತ್ತು ತೊಂಬತ್ತರ ನಡುವಿನ ಜಗಳವನ್ನು ಒಂದು ತಿದ್ದುಪಡಿಯಿಂದ ಮುಗಿಸಿದರೆ, ಎರಡನೇ ಅವಧಿಯ ವ್ಯಾಜ್ಯಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ. 15ನೇ ಸೆಕ್ಷನ್ನನ್ನು ಮುರಿದ ಮದುವೆ ಶೂನ್ಯವಲ್ಲ ಎಂಬ 1978ರ ಮಾತನ್ನು ಸಂಸತ್ತು ಅದೇ ತಿದ್ದುಪಡಿಯಲ್ಲಿ ಕಾಯ್ದೆಯೊಳಕ್ಕೆ ಸೇರಿಸಬಹುದು. ಹಾಗೆ ಸೇರಿಸದಿರುವುದರಿಂದಲೇ ಸುಮಾರು ನಲವತ್ತು ವರ್ಷದ ನಂತರ ದೆಹಲಿ ಹೈಕೋರ್ಟ್ ಎಡವಿದ್ದು, 2011ರ ಒಂದು ಮದುವೆಯ ಹಣೆಬರಹ 2018ರವರೆಗೆ ತೂಗಾಡಿದ್ದು.